ಅಯ್ಯಪ್ಪನ ಜರ್ಮನಿ ಮಷಿನ್

ಜನವರಿ ೨೦, ಸೋಮವಾರ

ನಮ್ಮ ಮನಿಯವರ ಜಳಕ, ಗುಳಿಗಿ, ನಾಷ್ಟಾ ಆತು. ಕೈಕಾಲಿನ ವ್ಯಾಯಾಮ ಅರ್ಧಕ್ಕ ಬಿಟ್ಟೆ. ಆದ್ರೂ ಬಸ್ಸು ತಪ್ಪಿತು. ಹಿಟ್ನಾಳ ಮುಟ್ಟೋದ್ರಾಗ ಸಾಲ್ಯಾಗ ಪ್ರಾರ್ಥನಾ ಮುಗಿದಿತ್ತು. ಹೆಡ್‌ಮಾಸ್ತರು ಏನೂ ಅನ್ನಲಿಲ್ಲ. ಅಂದಿದ್ರ ಛಲೋ ಇತ್ತು.

ಸಂಜಿಕ ಮನಿಗೆ ಬಂದ್ರ ಅಂಗಡಿ ಕಟ್ಟಿ ಮ್ಯಾಲ ಅಯ್ಯಪ್ಪ ಕುಂತಿದ್ದ. ಕನಕಗಿರಿ ಕಡೆಯಾಂವ. ಮರ ಕೊಯ್ಯೋ ಕೆಲಸ. ದೀಪಾವಳಿ ಮುಂದ ತನ್ನ ಹಳೇ ಚೈನ್‌ಸಾ ನಮ್ಮ ಅಂಗಡ್ಯಾಗ ರಿಪೇರಿಗೆ ಬಿಟ್ಟಿದ್ದ. ಜರ್ಮನಿ ಮಷಿನ್ ಅಂತಾನ ಅದಕ್ಕ. ಇವರು ಅದನ್ನ ಬಿಚ್ಚಿ ಟೇಬಲ್ ಮ್ಯಾಲ ಹರವಿ ಇಟ್ಟ ಮರುದಿನನ ಲಕ್ವಾ ಹೊಡೀತು. ಅವತ್ತು ಇಳಿಸಿದ ಶಟರ್ ಇವತ್ತಿಗೂ ಹಂಗ ಐತಿ.

"ಪ್ರಭುರಾಜಣ್ಣ ಹೆಂಗದಾನ್ರಿ ಟೀಚರ?"

"ಅದಾರ."

ಒಳಗ ಕರೆದೆ. ಬಾಗಲದಾಗ ನಿಂತು, ಮಂಚದ ಮ್ಯಾಲಿದ್ದ ನನ್ನ ಗಂಡನ್ನ ನೋಡಿದ. ಬಾಯಿ ಒಂದು ಕಡೆ ಜರಿದದ್ದು, ತೊಡಿ ಮ್ಯಾಲ ಸತ್ತಂಗ ಬಿದ್ದಿದ್ದ ಬಲಗೈ. ಇವರು ಎಡಗೈ ಎತ್ತಿ, "ನಾಡದು" ಅಂದ್ರು.

ಅಯ್ಯಪ್ಪ ನನ್ನ ಮಾರಿ ನೋಡಿದ. ಹೇಳಬೇಕಾತು — ಬಾಯಾಗ ಉಳಿದದ್ದು ಅದೊಂದ ಮಾತು ಅಂತ. ನೀರು ಬೇಕಾದ್ರೂ ನಾಡದು, ಸೆಕಿ ಆದ್ರೂ ನಾಡದು. ಜೀವನ ಪೂರ್ತಿ ಗಿರಾಕಿಗೆ ಹೇಳಿಕೋತ ಬಂದ ಮಾತು... "ನಾಡದು ಬರ್ರಿ, ಆಗಿರ್ತೈತಿ." ಉಳಿದದ್ದೆಲ್ಲಾ ಅಳಿಸಿ ಹೋಗಿ ಅದೊಂದು ನಿಂತೈತಿ. ತಿಳಿಯೋದು ಎಲ್ಲಾ ತಿಳೀತೈತಂತ. ಬಾಯಿಗೆ ಬರಂಗಿಲ್ಲ ಅಷ್ಟ. ಡಾಕ್ಟರ ಮಾತು.

ಅಯ್ಯಪ್ಪ ಗೋಣು ಹಾಕಿದ. "ಮಷಿನ್ನು..." ಅಂದ.

ಗುರುವಾರ ಬಾ, ಹಂಗ ತುಂಬಿ ಕೊಡ್ತೀನಿ ಅಂದೆ. ಯುಗಾದಿಯಿಂದ ಅಂಗಡಿ ಮೊಬೈಲಿನವನಿಗೆ ಬಾಡಿಗಿ ಕೊಡಬೇಕಂತ ಮಾಡೀನಿ. ಖಾಲಿ ಆಗಲೇಬೇಕು.

ಜನವರಿ ೨೩, ಗುರುವಾರ

ಬರೆಯೋ ಶಕ್ತಿ ಇಲ್ಲ. ಆದ್ರೂ ಬರೀತೀನಿ.

ಶಟರ್ ಅರ್ಧ ಎತ್ತಿ, ಮಷಿನ್ನಿನ ಭಾಗ ಗೋಣಿಚೀಲದಾಗ ತುಂಬಾಕತ್ತಿದ್ದೆ. ಅಯ್ಯಪ್ಪ ಚೀಲದ ಬಾಯಿ ಹಿಡದಿದ್ದ. ಕಬ್ಬಿಣದ ಸಪ್ಪಳ ಒಳಗ ಕೇಳಿಸಿರಬೇಕು. ದಬ್ ಅಂತ ಏನೋ ಬಿದ್ದಂಗಾತು. ಹೋಗಿ ನೋಡಿದ್ರ ಇವರು ನಡುಮನಿ ದಾಟಿ ಅಂಗಡಿ ಹೊಸ್ತಿಲದಾಗ ಬಿದ್ದಾರ. ಮಂಚದಿಂದ ಅಲ್ಲಿಗೆ ತಮ್ಮಷ್ಟಕ್ಕ ತಾವ ಬಂದಾರ. ಮೂರು ತಿಂಗಳಾತು, ಕವಿತಾ ವಾರಕ್ಕೆರಡು ಸಲ ಬಂದು ನಡೀರಿ ನಡೀರಿ ಅಂತ ಬಾಯಿ ಹರಕೊಂಡ್ರೂ ಒಂದು ಹೆಜ್ಜಿ ಇಟ್ಟಾವ್ರಲ್ಲ. ಪಾಪ ಆಕಿ, ಫಿಸಿಯೋಥೆರಪಿ ಕಲಿತು ಬಂದಾಕಿ, ತನ್ನ ಕಲಿಕಿ ಮ್ಯಾಲ ತಾನ ಸಂಶಯ ಪಡಾಕತ್ತಿದ್ಲು.

ಅಯ್ಯಪ್ಪ ಎತ್ತಿ ಕುರ್ಚಿ ಮ್ಯಾಲ ಕುಂದ್ರಿಸಿದ. ಇವರು ಗೋಣಿಚೀಲ ಎಳಕೊಂಡು ಎಡಗೈಲೆ ಒಂದೊಂದ ಭಾಗ ತಗದು ಟೇಬಲ್ ಮ್ಯಾಲ ಇಡಾಕತ್ತಿದ್ರು. ಮೊದಲು ಹೆಂಗಿತ್ತೋ ಹಂಗ, ಅದ ಜಾಗಾಕ್ಕ. ನಾವು ಮೂರೂ ಮಂದಿ, ನಾನು, ಅತ್ತಿ, ಅಯ್ಯಪ್ಪ, ನಿಂತು ನೋಡಿದ್ವಿ.

ಕೊನಿಗೆ ಒಂದು ಕರೀ ಗಟ್ಟಿ ತುಂಡು ತಗದು ನನ್ನ ಕೈಯಾಗಿಟ್ರು. ಮೈ ಸೀಳಿತ್ತು, ಒಳಗಿನ ತಾಮ್ರದ ತಂತಿ ಕಾಣತಿತ್ತು.

"ಕಾಯಿಲ್ರಿ ಅದು," ಅಯ್ಯಪ್ಪ ಅಂದ. "ಅದು ಹೋದ್ರ ಕಿಡಿ ಬರಂಗಿಲ್ಲ. ಕಿಡಿ ಇಲ್ಲಂದ್ರ ಮಷಿನ್ ಹತ್ತಂಗಿಲ್ಲ."

"ಹೊಸಾದು ತಂದು ಹಾಕಿದ್ರ ಆತಲ್ಲ."

"ಈ ಮಾಡೆಲ್ ಬಂದ್ ಆಗಿ ಯಾ ಕಾಲಾತೋ ಏನೋ. ನೀವು ಹುಡುಕಿದ್ರ ಸಿಕ್ಕೀತು."

ನೀವು ಅಂದ. ನಾನು ಯಾಕ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಇವರು ನನ್ನ ನೋಡಾಕತ್ತಿದ್ರು.

ಜನವರಿ ೨೫, ಶನಿವಾರ

ಮುಂಜಾನಿ ಸಾಲಿ. ಮಧ್ಯಾಹ್ನ ಕೊಪ್ಪಳದಾಗ ಸ್ಪೇರ್ ಅಂಗಡಿ ತಿರುಗಿದೆ. ಕಾಯಿಲ್ ಕರವಸ್ತ್ರದಾಗ ಸುತ್ತಿಕೊಂಡು. ಎಲ್ಲಾ ಕಡೆ ಅದ ಮಾತು. ಒಬ್ಬಾಂವ ಅದನ್ನ ಬೆಳಕಿಗೆ ಹಿಡಿದು ನೋಡಿ, "ಮೇಡಂ, ಇದು ಮ್ಯೂಸಿಯಮ್ ಐಟಮ್" ಅಂದ. ಬ್ಯಾಟರಿ ಮಷಿನ್ ತೋರಿಸಿದ. ಹಗುರ ಐತಿ, ನೀವೂ ಹಿಡೀಬಹುದು ಅಂತ ನನ್ನ ಕೈಯಾಗ ಕೊಟ್ಟ. ಇಟ್ಟು ಬಂದೆ.

ಅಯ್ಯಪ್ಪನ್ನ ಕೇಳಿದೆ, ಹೊಸಾದು ತಗೋಬಾರದೇನಪ್ಪಾ ಅಂತ. ಒಮ್ಮೆ ತಗೊಂಡಿದ್ದನಂತ. ಜಾಲಿ ಗಂಟು ಬಂದ್ರ ಹೊಗಿ ಹಾಕಿ ನಿಂತಬಿಡತಿತ್ತಂತ. ಹುಣಸಿ ಬೊಡ್ಡಿ ಅಂತೂ ಕನಸು. "ಜರ್ಮನಿ ಭಾರ ಐತ್ರಿ, ಹೊತ್ತು ಹೊತ್ತು ಹೆಗಲು ಹೋಗೈತಿ. ಆದ್ರ ಹುಣಸ್ಯಾಗ ಇಟ್ರ ಬೆಣ್ಯಾಗ ಇಟ್ಟಂಗ."

ಮಷಿನ್ ಇಲ್ದ ಊರಾಗ ಕೆಲಸ ಇಲ್ಲಂತ ಭಾಗ್ಯನಗರದಾಗ ಅಕ್ಕನ ಮನ್ಯಾಗ ಇಳದಾನ. ಮುಂಜಾನಿ ಎಪಿಎಂಸಿಯೊಳಗ ಹಮಾಲಿ. ಮಷಿನ್ ಆಗೋ ತನಕ ಇಲ್ಲೇ ಇರ್ತಾನಂತ.

ಫೆಬ್ರವರಿ ೨, ರವಿವಾರ

ಕುಷ್ಟಗಿಗೆ ಹೋಗಿ ಬಂದೆ. ಯಾರೋ ಹೇಳಿದ್ರು, ಅಲ್ಲಿ ತಿರುಮಲೇಶ ಅನ್ನಾಂವ ಹಳೇ ಎಂಜಿನ್ ಬಿಚ್ಚಿ ಮಾರ್ತಾನ ಅಂತ. ಬಸ್ಸಿನಾಗ ನಿಂತ ಹೋದೆ. ಬೈಪಾಸ್ ಕಡೆ ಒಂದು ಶೆಡ್. ಎಣ್ಣಿ ಕುಡಿದು ನೆಲ ಕರ್ರಗಾಗಿತ್ತು. ಅಂವ ಕಾಯಿಲ್ ನೋಡಿ ಒಳಗ ಹೋಗಿ ಅಂಥದ್ದ ಒಂದು ತಂದ. ಜೋಡಿಸಿ ನೋಡಿದ್ರ ಅಣ್ಣ ತಮ್ಮ ಇದ್ದಂಗ ಇದ್ದವು.

"ಹತ್ತತೈತೇನ್ರಿ?"

"ಹತ್ತಬೇಕ್ರಿ ಅಕ್ಕಾರ. ಹತ್ತಲಿಲ್ಲಂದ್ರ ತರ್ರಿ, ವಾಪಸ್ ತಗೋತೀನಿ."

ಬರೋವಾಗ ಸೀಟು ಸಿಕ್ತು. ಕಾಯಿಲ್ ಮಡಿಲಾಗ ಇಟಕೊಂಡು ಮಲಗಿಬಿಟ್ಟೆ. ಕಂಡಕ್ಟರ್ ಎಬ್ಬಿಸಿದಾಗ ಕೊಪ್ಪಳ ಸ್ಟ್ಯಾಂಡ್.

ಭವಾನಿ ಫೋನ್ ಮಾಡಿದ್ಲು ಸಿಂಧನೂರಿಂದ. ದಿನ ತುಂಬಾಕತ್ತಾವು. ಬಾಣಂತನ ಇಲ್ಲೇ ಆಗಬೇಕಿತ್ತು. ನಿನ್ನ ಕೈಲೆ ಆಗಂಗಿಲ್ಲ ಬಿಡವ್ವಾ, ಇಲ್ಲೇ ನಮ್ಮತ್ತಿ ಮಾಡ್ತಾರ ಅಂದ್ಲು. ಹೂಂ ಅಂದೆ. ಮಗಳ ಬಾಣಂತನ ಬ್ಯಾರೇವ್ರ ಕೈಯಾಗ ಕೊಟ್ಟು ನಾನು ಊರೂರು ಕಾಯಿಲ್ ಹುಡುಕಾಕತ್ತೀನಿ. ಇದನ್ನ ಯಾರಿಗಂತ ಹೇಳೋದು.

ಫೆಬ್ರವರಿ ೩

ಕುಷ್ಟಗಿ ಕಾಯಿಲ್ ಹತ್ತಲಿಲ್ಲ. ಇವರು ಕೈಯಾಗ ಹಿಡದ ಕೂಡಲೆ ಗೊತ್ತಾತು. ಸ್ಕ್ರೂ ತೂತು ಒಂದು ಕೂದಲೆಳಿ ಆಚೀಚೆ. ನಾನು ಬಿಡಲಿಲ್ಲ, ಒತ್ತಿ ನೋಡ್ರಿ, ಒತ್ತಿ ನೋಡ್ರಿ ಅಂದೆ. ಇವರು ಎಡಗೈಲೆ ಬೀಸಿ ಒಗದ್ರು. ಗ್ವಾಡಿಗೆ ಬಡದು ಒಡೀತು.

ಏನೇನು ಅಂದೆನೋ ನೆನಪಿಲ್ಲ. ಅಂದದ್ದು ಹೌದು. ನಿಮ್ಮ ಸಲುವಾಗಿ ಕುಷ್ಟಗಿ ತನಕ ನಿಂತ ಹೋಗೀನಿ ಅಂದೆ. ನಿಮಗ ಏನೂ ತಿಳಿಯಂಗಿಲ್ಲ ಅಂದೆ. ತಿಳೀತೈತಿ ಅನ್ನೋದು ಗೊತ್ತಿದ್ದೂ ಅಂದೆ.

"ನಾಡದು, ನಾಡದು, ನಾಡದು" ಅಂದ್ರು ಇವರು. ಬೈಗುಳ ಅದು. ದನಿ ಕೇಳಿದ್ರ ಗೊತ್ತಾಗತಿತ್ತು.

ಅತ್ತಿ ಇಬ್ಬರನ್ನೂ ಊಟಕ್ಕ ಕರೀಲಿಲ್ಲ. ತಾವೂ ಉಣ್ಣಲಿಲ್ಲ.

ಫೆಬ್ರವರಿ ೮, ಶನಿವಾರ

ಸಾಲಿಯಿಂದ ಬಂದ್ರ ಅಂಗಡ್ಯಾಗ ಮಾತು ಕೇಳತಿತ್ತು. ಅಯ್ಯಪ್ಪ. ಇವರನ್ನ ಮಂಚದಿಂದ ಟೇಬಲ್ ತನಕ ನಡಿಸಿಕೊಂಡು ಬಂದು ಕುಂದ್ರಿಸ್ಯಾನ. ಬಲಗೈಯಾಗ ಒಂದು ಹಳೇ ಸ್ಪಾನರ್ ಕೊಟ್ಟಾನ, ಬೀಳ್ತೈತಿ, ಮತ್ತ ಕೊಡ್ತಾನ. ಬೀಳ್ತೈತಿ, ಮತ್ತ ಕೊಡ್ತಾನ. ಬೇಜಾರಿಲ್ಲ ಆ ಮನಿಶಾಗ. ಊರ ಕಡೆ ಸುದ್ದಿ ಹೇಳಿಕೋತ ಕುಂತಾನ — ಯಾರ ಹೊಲದಾಗ ಯಾ ಬೇವು ಒಣಗೇತಿ, ಯಾ ಬದುವಿನ ಮರಕ್ಕ ಅಣ್ಣತಮ್ಮರು ಜಗಳ ಆಡ್ಯಾರ. ಇವರು ಅಲ್ಲಲ್ಲಿ ನಾಡದು ಅಂತಾರ, ಅಂವ ಹೌದಲ್ರಿ ಮತ್ತ ಅಂತಾನ. ಮಾತುಕತಿ ನಡದಂಗ ನಡದಿತ್ತು.

ಅತ್ತಿ ಅವನಿಗೆ ರೊಟ್ಟಿ, ಪುಂಡಿಪಲ್ಯ ಹಚ್ಚಿ ಕೊಟ್ರು. ತಿಂದು ತಾಟು ತೊಳದಿಟ್ಟ.

ಈ ವಾರ ಪೂರ್ತಿ ಮಧ್ಯಾಹ್ನ ಬಂದಾನಂತ. ನನಗ ಇವತ್ತು ಗೊತ್ತಾತು.

ಫೆಬ್ರವರಿ ೯, ರವಿವಾರ

ಯಲಬುರ್ಗಾ. ಅಲ್ಲೊಬ್ಬರ ಮನ್ಯಾಗ ಇಂಥದ್ದ ಹಳೇ ಮಷಿನ್ ಐತಿ ಅಂತ ಫೋನಿನಾಗ ಅಂದಿದ್ರು. ಹೋದ್ರ ಹೋದ ವಾರನ ಗುಜರಿಗೆ ಹಾಕ್ಯಾರ. ಮನಿ ಹೆಣ್ಣಮಗಳು ಭಾಳ ನೊಂದುಕೊಂಡ್ಲು, ಚಹಾ ಮಾಡಿ ಕೊಟ್ಲು. ಅಷ್ಟ.

ಸಂಜಿಕ ಅಯ್ಯಪ್ಪಗ ಹೇಳಿದೆ, ಇನ್ನ ನನ್ನ ಕೈಲೆ ಆಗಂಗಿಲ್ಲ. ಅಂವ, ಮೊದಲ ಹೇಳಬೇಕಿತ್ತು ನಾ ಅಂದ. ಇದರ ಜೋಡಿ ಮಷಿನ್ ಗಂಗಾವತಿಯೊಳಗ ಐತಂತ. ಅಬ್ದುಲರೌಫ್ ಸಾಹೇಬ್ರು, ಸಾಮಿಲ್, ಕಟಗಿ ಕೊಯ್ಯೋ ಮಿಲ್ಲು, ಇಟ್ಟಾರ. ಅವರಪ್ಪ ದಾಂಡೇಲಿ ಹರಾಜಿನಾಗ ಎರಡು ತಂದಿದ್ರಂತ. ಒಂದು ಇವನಿಗೆ ಮಾರಿದ್ದು, ಒಂದು ತಾವು ಇಟಕೊಂಡಿದ್ದು.

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ಕೊಡಂಗಿಲ್ರಿ ಅವರು. ಹೋದ ವರ್ಷ ಇದು ಮೊದಲ ಸಲ ಕೆಟ್ಟಾಗ ಪ್ರಭುರಾಜಣ್ಣ ಕೇಳಾಕ ಹೋಗಿ ಮಾತಿಗೆ ಮಾತು ಬೆಳೀತು. ಅವತ್ತಿನಿಂದ ಇಬ್ಬರೂ ಮಾತಾಡಿಲ್ಲ."

ಇವರು ಕಿಟಕಿ ಕಡೆ ಮಾರಿ ತಿರುವಿದ್ರು.

ಫೆಬ್ರವರಿ ೧೬, ರವಿವಾರ

ಗಂಗಾವತಿ. ದಾರಿ ಪೂರ್ತಿ ಭತ್ತದ ಗದ್ದಿ, ಹಸರು. ಕಣ್ಣಿಗೆ ತಂಪು ಅಂತಾರ. ನನಗ ಕಣ್ಣು ಉರೀತಿದ್ದವು.

ಅಬ್ದುಲರೌಫ್ ಸಾಹೇಬ್ರು ನನಗಿಂತ ಸ್ವಲ್ಪ ದೊಡ್ಡವರಿರಬೇಕು. ಮರದ ಪುಡಿ ರೆಪ್ಪಿ ಮ್ಯಾಲೂ ಕುಂತಿತ್ತು. ಯಾರು ಅಂತ ಹೇಳಿದ ಕೂಡಲೆ ಎದ್ದು ನಿಂತ್ರು. ಲಕ್ವಾ ಸುದ್ದಿ ಅವರಿಗೆ ಗೊತ್ತ ಇರಲಿಲ್ಲ.

"ಮಾತಾಡ್ತಾರೇನ್ರಿ ಟೀಚರಮ್ಮ?"

"ಒಂದ ಮಾತು. ನಾಡದು."

ನಕ್ಕರು. ನಗು ಅರ್ಧಕ್ಕ ನಿಂತಿತು. ಮಾರಿ ಒರಸಿಕೊಂಡ್ರು.

ಮಷಿನ್ ತೋರಿಸಿದ್ರು. ಆಫೀಸಿನಾಗ ಗಾಜಿನ ಕಪಾಟಿನೊಳಗ, ಅವರಪ್ಪನ ಫೋಟೋ ಕೆಳಗ. ಬಣ್ಣ ಸೈತ ಮಾಸಿಲ್ಲ. ಇದೊಂದ ಮಷಿನ್ ಹಿಡಕೊಂಡು ನಮ್ಮ ಅಬ್ಬಾ ಈ ಮಿಲ್ಲು ಕಟ್ಟಿದ್ರು ಅಂದ್ರು. ನಿಮ್ಮೆಜಮಾನ್ರು ಬಂದು ಏನಂದ್ರು ಗೊತ್ತೇನ್ರಿ? ತುಕ್ಕಿಗೆ ತಿನ್ನಸೋದಕ್ಕಿಂತ ಒಬ್ಬರ ಹೊಟ್ಟಿಗೆ ಹಾಕ್ರಿ ಅಂದ್ರು. ಅಬ್ಬಾ ತೀರಿಕೊಂಡು ಆಗ ನಲವತ್ತು ದಿನ ಆಗಿರಲಿಲ್ಲ.

ಇವರು ಅಂದಿರ್ತಾರ. ಮಷಿನ್ ಕಂಡ್ರ ಮನಿಶಾರು ಕಾಣತಿರಲಿಲ್ಲ ಇವರಿಗೆ.

"ಅವರ ಪರವಾಗಿ ನಾ ತಪ್ಪಾತು ಅಂತೀನ್ರಿ."

"ಛೇ, ನೀವ್ಯಾಕ. ಆದ್ರ ಕೇಳಬ್ಯಾಡ್ರಿ ಟೀಚರಮ್ಮ. ಇದನ್ನ ಬಿಚ್ಚಾಕ ನನ್ನ ಕೈ ಬರಂಗಿಲ್ಲ."

ಚಹಾ ಕುಡಿಸಿ, ತಮ್ಮ ಗಾಡ್ಯಾಗ ಸ್ಟ್ಯಾಂಡ್ ತನಕ ಬಿಟ್ಟು ಹೋದ್ರು. ಸಿಟ್ಟು ಸೈತ ಬರಲಿಲ್ಲ ನನಗ. ಬಂದಿದ್ರ ಸ್ವಲ್ಪ ಹಗುರ ಆಗತಿತ್ತೇನೋ.

ಫೆಬ್ರವರಿ ೨೦

ಸಂಜಿಕ ಬಂದು ಕುರ್ಚಿ ಮ್ಯಾಲ ಕುಂತಾಕಿ ಹಂಗ ಮಲಗಿಬಿಟ್ಟೆ. ಚಪ್ಪಲಿ ಸೈತ ಬಿಚ್ಚಿರಲಿಲ್ಲ. ಎಚ್ಚರಾದಾಗ ದೀಪ ಹಚ್ಚಿದ್ರು. ಇವರ ವ್ಯಾಯಾಮ ಆಗಿತ್ತು, ಅಯ್ಯಪ್ಪ ಮಾಡಿಸಿದ್ದ. ಮಾರಿ ತೊಳಸಿದ್ದ. ಅತ್ತಿ ಜೋಡಿ ಸೊಪ್ಪು ಬಿಡಿಸಿಕೋತ ಕುಂತಿದ್ದ.

ದೀಪಾವಳಿಯಿಂದ ಈಚೀಕ ಇಷ್ಟು ನಿದ್ದಿ ಮಾಡಿದ್ದು ಇವತ್ತ.

ಕವಿತಾ ಬಂದಿದ್ಲು. ಬಲಗೈ ಹಿಡಿತ ಬರಾಕತ್ತೈತಿ ಆಂಟಿ, ಏನ್ ಮಾಡಿದ್ರಿ ಅಂದ್ಲು. ನಾ ಏನೂ ಮಾಡಿಲ್ಲವ್ವಾ ಅಂದೆ. ಖರೇನ ಅದು.

ಫೆಬ್ರವರಿ ೨೪, ಸೋಮವಾರ

ಬರೀಬೇಕೋ ಬ್ಯಾಡೋ.

ಮಧ್ಯಾಹ್ನ ಊಟದ ಬೆಲ್ ಆಗಿತ್ತು. ಮಕ್ಕಳಿಗೆ ತತ್ತಿ ಹಂಚಾಕತ್ತಿದ್ದೆ. ಗೇಟಿನಾಗ ಯಾರೋ ಬಂದಾರ ಅಂದ್ರು. ಅಬ್ದುಲರೌಫ್ ಸಾಹೇಬ್ರು. ಕೊಪ್ಪಳಕ್ಕ ಲಗ್ನಕ್ಕ ಹೊಂಟಿದ್ರಂತ, ಹೈವೇದಾಗ ನಾ ಹೇಳಿದ್ದ ಸಾಲಿ ಬೋರ್ಡ್ ನೋಡಿ ಇಳದಾರ. ಕೈಯಾಗ ಬಿಳೀ ಅರಿವ್ಯಾಗ ಸುತ್ತಿದ ಗಂಟು.

"ಅಮ್ಮಿ ಬೈದ್ರು. ನಿಮ್ಮಬ್ಬಾ ಮಷಿನ್ ಬಿಟ್ಟು ಹೋಗ್ಯಾರ, ದರ್ಗಾ ಬಿಟ್ಟು ಹೋಗಿಲ್ಲ ಅಂದ್ರು."

ಕಾಯಿಲ್. ಹೊಸಾದರಂಗ ಹೊಳೀತಿತ್ತು. ಯಾರು ಬಿಚ್ಚಿದ್ರು ಅಂತ ಕೇಳಿದೆ. ನಾನ, ಅಂದ್ರು. ಬ್ಯಾರೇ ಯಾರಿಗೂ ಕೊಡಲಿಲ್ಲ. ಏನೂ ಬ್ಯಾಡ ಅಂದ್ರು. ಹತ್ತಿದ ದಿನ ಒಂದು ಫೋನ್ ಮಾಡಿ ಸಪ್ಪಳ ಕೇಳಿಸ್ರಿ, ಅಷ್ಟ ಸಾಕು.

ಗಂಟು ಎರಡೂ ಕೈಲೆ ಗಟ್ಟಿ ಹಿಡಕೊಂಡೆ. ಖುಷಿಗೆ ಅಂತ ಅವರು ತಿಳಕೊಂಡ್ರು.

ಖುಷಿ ಅಲ್ಲ. ಗಂಟು ಕೈಗೆ ಬಂದ ಕೂಡಲೆ ನನಗ ಹೊಳದದ್ದು ಒಂದ. ಇದು ಮನಿ ಮುಟ್ಟಿದ್ರ ಅಯ್ಯಪ್ಪ ಊರಿಗೆ ಹೋಗ್ತಾನ.

ಕ್ಲಾಸಿನ ಕಪಾಟಿನಾಗ, ಚಾಕ್‌ಪೀಸ್ ಡಬ್ಬಿ ಹಿಂದ ಇಟ್ಟು ಕೀಲಿ ಹಾಕಿ ಬಂದೆ. ನಾಳೆ ಒಯ್ದರಾತು ಅಂತ.

ಫೆಬ್ರವರಿ ೨೫

ಒಯ್ಯಲಿಲ್ಲ.

ಫೆಬ್ರವರಿ ೨೬, ಬುಧವಾರ — ಶಿವರಾತ್ರಿ

ಸಾಲಿ ಸೂಟಿ. ಅದಕ್ಕ ಒಯ್ಯಾಕ ಆಗಲಿಲ್ಲ ಅಂತ ನನಗ ನಾನ ಹೇಳಿಕೊಂಡೆ.

ಅತ್ತಿ ಉಪವಾಸ. ಅಯ್ಯಪ್ಪನೂ ಉಪವಾಸ ಇದ್ದು ಇವರನ್ನ ಓಣಿ ತುದಿ ಗುಡಿ ತನಕ ನಡಿಸಿಕೊಂಡು ಹೋಗಿ ಬಂದ. ಓಣಿ ಮಂದಿ ಹೊರಗ ಬಂದು ನೋಡಿದ್ರು. ಇವರ ಮಾರಿ ಮ್ಯಾಲ ಬೆವರು, ಅದರ ಮ್ಯಾಲ ಇಭೂತಿ. ಭಾಳ ದಿನದ ಮ್ಯಾಲ ಮನಿಶಾರಂಗ ಕಂಡ್ರು. ಇನ್ನೊಂದು ವಾರ ಸಿಕ್ರ, ಇನ್ನೊಂದು ವಾರ... ಹಂಗ ಅನಸ್ತು.

ಮಾರ್ಚ್ ೨, ರವಿವಾರ

ಅಯ್ಯಪ್ಪನ ಹೆಂಡ್ತಿ ಬಂದಿದ್ಲು. ಹಂಪವ್ವ. ಬಸ್ಸಿಳಿದು ಸೀದಾ ನಮ್ಮ ಮನಿಗೆ. ಅಂವ ಇನ್ನೂ ಎಪಿಎಂಸಿಯಿಂದ ಬಂದಿರಲಿಲ್ಲ. ಕಟ್ಟಿ ಮ್ಯಾಲ ಕುಂತ್ಲು, ಒಳಗ ಬಾ ಅಂದ್ರೂ ಬರಲಿಲ್ಲ.

"ಅಲ್ರಿ ಅಕ್ಕಾರ, ಮಷಿನ್ ಯಾವಾಗ ಆಗತೈತಿ? ಊರಾಗ ಮಂದಿ ಏನೇನೋ ಅಂತಾರ್ರಿ. ಕೊಪ್ಪಳದಾಗ ಮತ್ತೊಂದು ಮನಿ ಮಾಡ್ಯಾನ ಅಂತಾರ. ಬ್ಯಾಸಗಿ ಬಂತು, ಮರ ಕೊಯ್ಯೋ ದಿನ ಇವು. ಮಳಿ ಬಿದ್ರ ಯಾರು ಕರೀತಾರ? ಎರಡು ಕಡೆ ಬೊಡ್ಡಿ ಕೆಲಸ ಬಂದಿದ್ದು ಬ್ಯಾರೇವ್ರಿಗೆ ಹೋತು."

ನಾನು ಬಾಗಲಾ ಹಿಡಕೊಂಡು ನಿಂತಿದ್ದೆ. ಬಾಯಿ ತಗದೆ.

"ನಾಡದು ಆಗತೈತಿ ಬಿಡವ್ವಾ."

ನನ್ನ ಬಾಯಿಂದ. ಅದ ಮಾತು, ಅದ ರಾಗ. ಒಳಗ ಕುಂತಿದ್ದ ಇವರು ತಿರುಗಿ ನೋಡಿದ್ರು. ಇವರ ಬಾಯಾಗ ಆ ಮಾತಿಗೆ ಬ್ಯಾರೇ ದಾರಿ ಇಲ್ಲ. ನನಗ ಇತ್ತು.

ಹಂಪವ್ವ ನಂಬಿದ್ಲು. ಅದ ಕೆಟ್ಟದ್ದು. ಸೆರಗಿನಾಗ ಕಟಗೊಂಡು ಬಂದಿದ್ದ ಶೇಂಗಾ ಅತ್ತಿ ಕೈಗೆ ಕೊಟ್ಟು ಹೋದ್ಲು.

ಮಾರ್ಚ್ ೪, ಮಂಗಳವಾರ

ಕಾಯಿಲ್ ತಂದೆ.

ಯಾರಿಗೂ ಏನೂ ಹೇಳಲಿಲ್ಲ. ಟೇಬಲ್ ಮ್ಯಾಲ ಇಟ್ಟೆ. ಇವರು ಅರಿವಿ ಬಿಚ್ಚಿ, ಕಾಯಿಲ್ ಎತ್ತಿ ಗಲ್ಲಕ್ಕ ಒತ್ತಿ ಹಿಡಕೊಂಡ್ರು. ಅಯ್ಯಪ್ಪ ನೋಡಿದ. "ರೌಫ್ ಸಾಹೇಬ್ರು ಕೊಟ್ರೇನ್ರಿ" ಅಂದ. ಕೇಳಿದಂಗ ಇರಲಿಲ್ಲ ಅದು. "ಹೂಂ" ಅಂದೆ. ಮತ್ತೇನೂ ಕೇಳಲಿಲ್ಲ. ರವಿವಾರ ಹಚ್ಚೂಣು ಅಂದ.

ಮಾರ್ಚ್ ೯, ರವಿವಾರ

ಶಟರ್ ಪೂರ್ತಿ ಎತ್ತಿದ್ವಿ. ಬಿಸಲು ಟೇಬಲ್ ತನಕ ಬಂತು.

ಕೆಲಸ ನನ್ನ ಕೈಲೆ ಆತು. ಇವರ ಬಲಗೈಗೆ ಸ್ಕ್ರೂ ತಿರುವೋ ಬಲ ಇಲ್ಲ. ಅಯ್ಯಪ್ಪನ ಬೆರಳು ದಪ್ಪ, ಸಂದಿಯೊಳಗ ಹೋಗಂಗಿಲ್ಲ. ಇವರು ಎಡಗೈಲೆ ತೋರಿಸೋದು, ನಾ ಹಚ್ಚೋದು. ತಪ್ಪಿದ್ರ ಮಣಿಕಟ್ಟಿಗೆ ಬಡಿಯೋರು, ಮೆಲ್ಲಕ. ಮದುವಿ ಆಗಿ ಇಷ್ಟು ವರ್ಷ, ಈ ಟೇಬಲ್ ಹತ್ತಿರ ನಾ ಬಂದದ್ದು ಬರೇ ಊಟಕ್ಕ ಕರಿಯಾಕ.

ಕಾಯಿಲ್‌ಗೂ ಆ ತಿರುಗೋ ಚಕ್ರಕ್ಕೂ ನಡುವ ಸ್ವಲ್ಪ ಸಂದಿ ಬಿಡಬೇಕಂತ, ಅಯ್ಯಪ್ಪ ಹೇಳಿದ. ಎಷ್ಟು ಅಂತ ಇವರು ಹೆಂಗ ಹೇಳೋದು? ನಾಡದು, ನಾಡದು ಅಂತ ಚಡಪಡಿಸಿದ್ರು. ಗ್ವಾಡಿಗೆ ಸಿಗಸಿದ್ದ ಹಳೇ ಲಗ್ನಪತ್ರಿಕಿ ಕಡೆ ಕೈ ಮಾಡಿದ್ರು. ಅತ್ತಿಗೆ ಮೊದಲು ತಿಳೀತು. ಪತ್ರಿಕಿ ಹರದು ಒಂದು ತುಂಡು ಕೊಟ್ರು. ಅದನ್ನ ನಡುವ ಇಟ್ಟು ಸ್ಕ್ರೂ ಬಿಗಿದು ಎಳದು ತಗದೆ. ಸಂದಿ ಆತು. ಇವರು ಕಣ್ಣು ಮುಚ್ಚಿ ಗೋಣು ಹಾಕಿದ್ರು.

ಅಯ್ಯಪ್ಪ ಹೊರಗ ಒಯ್ದು ಹಗ್ಗ ಎಳದ. ಎಳದ. ಬರೇ ಕೆಮ್ಮು. ಪ್ಲಗ್ ತಗದು ಒರಸಿ ಮತ್ತ ಎಳದ. ನನ್ನ ಹೊಟ್ಟ್ಯಾಗ ಒಂದು ಕೆಟ್ಟ ಆಸೆ — ಹತ್ತಬಾರದು ಅಂತ. ಆಮ್ಯಾಲ ಹತ್ತಿತು. ಓಣಿ ನಾಯಿ ಎಲ್ಲಾ ಎದ್ದು ಓಡಿದ್ವು. ಇವರು ಕುರ್ಚಿಯಿಂದ ಎದ್ದು ನಿಂತಿದ್ರು, ಯಾರೂ ಹಿಡಕೊಂಡಿರಲಿಲ್ಲ.

ಗಂಗಾವತಿಗೆ ಫೋನ್ ಹಚ್ಚಿ ಮಷಿನ್ ಕಡೆ ಹಿಡದೆ. ಅಯ್ಯಪ್ಪ ಬಂದ್ ಮಾಡಿದ ಮ್ಯಾಲ, "ಅದ ಸಪ್ಪಳ" ಅಂದ್ರು ಸಾಹೇಬ್ರು. ಇವರ ಕಿವಿಗೆ ಕೊಟ್ಟೆ. ನಾಡದು ಅಂದ್ರು ಇವರು. ಅವರು ಏನೋ ಹೇಳಿದ್ರು, ಭಾಳ ಹೊತ್ತು. ಇವರು ಕೇಳಿಕೋತ ಕುಂತ್ರು.

ಅಯ್ಯಪ್ಪ ಗೋಣಿಚೀಲ ಕಟ್ಟಾಕತ್ತಿದ್ದ. ಹೇಳದ ಇರಾಕ ಆಗಲಿಲ್ಲ.

"ಕಾಯಿಲ್ ಬಂದು ಎಂಟು ದಿನ ಆಗಿತ್ತು ಅಯ್ಯಪ್ಪ. ಸಾಲ್ಯಾಗ ಇಟ್ಟಿದ್ದೆ."

"ಗೊತ್ರಿ."

ಗಂಟು ಬಿಗದ. "ಶಿವರಾತ್ರಿ ಮರುದಿನ ಸಾಹೇಬ್ರು ಫೋನ್ ಮಾಡಿದ್ರು. ಹತ್ತಿತೇನು, ಇನ್ನೂ ಸಪ್ಪಳ ಕೇಳಸಲಿಲ್ಲ ಅಂತ."

"ಮತ್ತ ಯಾಕ ಕೇಳಲಿಲ್ಲ ನೀ?"

"ನೀವು ಆ ಕುರ್ಚಿ ಮ್ಯಾಲ ಮಲಗಿರ್ತಿದ್ರಿ. ಮಲಕೊಳ್ಳಲಿ ಬಿಡು ನಾಕು ದಿನ ಅಂದೆ." ಚೀಲ ಹೆಗಲಿಗೆ ಏರಿಸಿದ. ಭಾರಕ್ಕ ಮಾರಿ ಕಿವಿಚಿತು. "ಛಲೋ ಮಾಡಿದ್ರಿ ಅಂತ ಅನ್ನಂಗಿಲ್ರಿ ನಾ. ಎರಡು ಬೊಡ್ಡಿ ಕೆಲಸ ಹೋದ್ವು. ಹಂಪವ್ವ ನನ್ನ ಮ್ಯಾಲ ಸಂಶಯ ಪಟ್ಲು. ನೀವು ಕೇಳಿದ್ರ ನಾ ಹೂಂ ಅಂತಿದ್ದೆ, ಟೀಚರ. ಇರು ಅಂದಿದ್ರ ಇರ್ತಿದ್ದೆ."

ಅಷ್ಟ ಹೇಳಿದ. ಅತ್ತಿ ಕಾಲು ಮುಟ್ಟಿದ. ಇವರ ಎಡಗೈ ಹಿಡದು ಭಾಳ ಹೊತ್ತು ನಿಂತು, ಹೋದ.

ಕೇಳಬಹುದಿತ್ತು. ಅದು ನನಗ ಹೊಳೀಲೇ ಇಲ್ಲ. ಒಬ್ಬ ಮನಿಶಾನ್ನ ಇರಪ್ಪಾ ಅಂತ ಕೇಳೋದು.

ಮಾರ್ಚ್ ೧೩

ಇವರು ಅಂಗಡಿಗೆ ಬರವಲ್ರು. ಖಾಲಿ ಟೇಬಲ್ ಒಮ್ಮೆ ನೋಡಿ ಮಂಚಕ್ಕ ಹೋಗಿ ಗ್ವಾಡಿ ಕಡೆ ತಿರುಗಿ ಮಲಗಿದ್ರು.

ವ್ಯಾಯಾಮ ಮತ್ತ ನನಗ ಬಂತು. ಕವಿತಾ ಹೇಳಿದಂಗ ಬಲಗೈಗೆ ಎಳ್ಳೆಣ್ಣಿ ಹಚ್ಚಿ ತಿಕ್ಕಬೇಕು, ದಿನಾ ಸಂಜಿಕ.

ಮೊಬೈಲಿನವ ಬಂದಿದ್ದ. ತಿಳಸ್ತೀನಿ ಅಂದೆ.

ಮಾರ್ಚ್ ೧೬, ರವಿವಾರ

ಅಯ್ಯಪ್ಪ ರವಿವಾರ ಬರ್ತೀನಿ ಅಂತ ಅತ್ತಿಗೆ ಹೇಳಿದ್ನಂತ. ಅತ್ತಿ ಪುಂಡಿಪಲ್ಯ ಮಾಡಿ ಕಾದ್ರು. ಬರಲಿಲ್ಲ. ಫೋನ್ ಮಾಡಿದ — ಹುಣಸಿ ಕೆಲಸ ಸಿಕ್ಕೈತಿ, ಮುಂದಿನ ವಾರ ನೋಡ್ತೀನಿ ಅಂತ. ಹಿಂದ ಮಷಿನ್ನಿನ ಸಪ್ಪಳ ಕೇಳತಿತ್ತು. ಫೋನ್ ಇವರ ಕಿವಿಗೆ ಹಿಡದೆ. ಗ್ವಾಡಿಯಿಂದ ಈ ಕಡೆ ತಿರುಗಿದ್ರು. ಅಷ್ಟರ ಮಟ್ಟಿಗೆ ಆತು.

ಮಾರ್ಚ್ ೨೧, ಶುಕ್ರವಾರ

ಪರೀಕ್ಷಾ ಕೆಲಸ. ತಲಿ ಎತ್ತಾಕ ಆಗವಲ್ದು. ಭವಾನಿಗೆ ಗಂಡು ಕೂಸು. ಫೋಟೋ ಕಳಿಸ್ಯಾರ. ಇವರಿಗೆ ತೋರಿಸಿದೆ, ಬೆರಳಿಲೆ ಸ್ಕ್ರೀನ್ ಮುಟ್ಟಿದ್ರು. ಬಲಗೈ ಬೆರಳಿಲೆ. ಆಗ ಗಮನಿಸಲಿಲ್ಲ, ಬಸ್ಸಿನಾಗ ನೆನಪಾತು.

ಮಾರ್ಚ್ ೨೩, ರವಿವಾರ, ಸಂಜಿಕ

ಎಣ್ಣಿ ತಿಕ್ಕಾಕತ್ತಿದ್ದೆ. ಕಣ್ಣು ತಾವ ಮುಚ್ಚಿದ್ವು, ಕೈ ತಾನ ನಡದಿತ್ತು. ಇವರು ಎಡಗೈ ತಂದು ನನ್ನ ಕೈ ಮ್ಯಾಲ ಇಟ್ಟು ನಿಲ್ಲಿಸಿದ್ರು.

"ಸಾಕು."

ಮೊದಲು ತಿಳೀಲಿಲ್ಲ. ಮತ್ತ ತಿಕ್ಕಾಕ ಹೋದೆ. ಮತ್ತ ಹಿಡದ್ರು. "ಸಾಕು."

ಏನಂದ್ರಿ ಅಂದೆ. ಏನು ಸಾಕು? ಎಣ್ಣಿ ಸಾಕೋ, ಬ್ಯಾರೇ ಏನಾದ್ರೂ? ಇವರು ನನ್ನ ನೋಡಿದ್ರು. "ನಾಡದು" ಅಂದ್ರು.

ಎಣ್ಣಿಗೈಲೆ ಒಳಗ ಓಡಿದೆ. ಅತ್ತಿ ರೊಟ್ಟಿ ಬಡಿಯಾಕತ್ತಿದ್ರು. ಅತ್ತಿ, ಹೊಸಾ ಮಾತು ಬಂತು, ಸಾಕು ಅಂದ್ರು ಅಂತ ಹೇಳಿದೆ.

ಅತ್ತಿ ಹಂಚಿನ ಮ್ಯಾಲಿನ ರೊಟ್ಟಿ ತಿರುವಿದ್ರು.

"ಅದನ್ನ ಅಂವ ಆಗಲೇ ಎಂಟು ದಿನದಿಂದ ಅಂತಾನ."

"ಯಾರಿಗೆ?"

"ನಿನಗ. ದಿನಾ ಸಂಜಿಕ, ನೀ ಎಣ್ಣಿ ತಿಕ್ಕೋವಾಗ. ನೀ ಕಣ್ಣು ಮುಚ್ಚಿ ತಿಕ್ತಿರ್ತಿ. ಅಂವ ಸಾಕು ಅಂತಾನ, ನೀ ತಿಕ್ಕತಾನ ಇರ್ತಿ." ರೊಟ್ಟಿ ಬುಟ್ಟಿಗೆ ಹಾಕಿದ್ರು. "ನಿನಗ ಕೇಳಸತೈತಿ, ಬೇಕಂತ ಸುಮ್ಮನದಿ ಅಂತ ತಿಳದಿದ್ದೆ ನಾ."

ಅಲ್ಲೇ ಒಲಿ ಮುಂದ ಕುಂತಬಿಟ್ಟೆ. ಅತ್ತಿ ಮತ್ತೊಂದು ರೊಟ್ಟಿ ಹಂಚಿಗೆ ಹಾಕಿದ್ರು.

ಈಗ ಇವರು ಮಂಚದ ಮ್ಯಾಲ ಎದ್ದು ಕುಂತಾರ. ನಾ ಬರೆಯೋದು ನೋಡಾಕತ್ತಾರ. ಏನೋ ಅಂತಾರ, ಪೆನ್ನು ಇಟ್ಟು ಸರಿಯಾಗಿ ಕೇಳ್ತೀನಿ.